ಒಂದು ಬಗೆಯ ಮರ

ಹೋದ ತಿಂಗಳು ಒಂದು ಮದುವೆಗೆಂದು ಭದ್ರಾವತಿಗೆ ಹೋಗಿದ್ದೆ. ಊರು ಹತ್ತಿರವಾಗುತ್ತಿದ್ದಂತೆ ನನ್ನ ಕೈ ತಾನಾಗಿಯೇ ಸೆರಗನ್ನು ಮೂಗಿಗೆ ಒತ್ತಿತು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಏನಾಯಿತು ಆಂಟಿ ಎಂದು ಕೇಳಿದಾಗಲೇ ಗೊತ್ತಾಗಿದ್ದು, ವಾಸನೆಯೇ ಇಲ್ಲ. ಕಾಗದದ ಕಾರ್ಖಾನೆ ನಿಂತು ಎಷ್ಟೋ ವರ್ಷವಾಯಿತು. ಬೇಯಿಸಿದ ಕೋಸನ್ನು ಮುಚ್ಚಿಟ್ಟು ಮರೆತು ಆಮೇಲೆ ತೆರೆದಂಥ ಆ ವಾಸನೆಯನ್ನು ನಾವೆಲ್ಲ ಆಗ ಬಾಯಿಗೆ ಬಂದಂತೆ ಬೈಯುತ್ತಿದ್ದೆವು. ಈಗ ಅದು ಇಲ್ಲದಿದ್ದರೂ ಸೆರಗನ್ನು ಮೂಗಿನಿಂದ ತೆಗೆಯಲು ಮನಸ್ಸಾಗಲಿಲ್ಲ. ಏನಿಲ್ಲಮ್ಮ ಎಂದು ಹುಡುಗಿಗೆ ಹೇಳಿದೆನಾದರೂ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಆ ಒಂದು ವರ್ಷವೇ ತಲೆಯಲ್ಲಿ ತಿರುಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡದ ತಾತ್ಕಾಲಿಕ ಅಧ್ಯಾಪಕಿ. ಸವಳಂಗ ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ರೂಮಿನಲ್ಲಿ ವಾಸ. ಕೆಳಗೆ ಬೆಳಗಾಗುತ್ತಲೇ ಲಾರಿಯಿಂದ ಕಬ್ಬಿಣದ ಸರಳು ಇಳಿಸುವ ಸದ್ದು, ಮೇಲೆ ಹಳಗನ್ನಡದ ನಿಘಂಟುಗಳ ನಡುವೆ ನಾನು. ದೇವರು ತಾಳ್ಮೆ ಹಂಚುವ ಹೊತ್ತಿಗೆ ಇವಳು ಬಸ್ ಸ್ಟ್ಯಾಂಡಿನಲ್ಲಿದ್ದಳು ಎಂದು ನನ್ನಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಂಥವಳು ಒಂದು ಮರ ಹೂ ಬಿಡಲಿ ಎಂದು ಒಂದು ವರ್ಷ ಕಾದೆ. ಈಗ ಯೋಚಿಸಿದರೆ ನನಗೇ ನಂಬಿಕೆ ಬರುವುದಿಲ್ಲ.

ಕಾಯಿಸಿದವರು ಬಸವಂತಪ್ಪ ಮೇಷ್ಟ್ರು. ನನಗೆ ಪಾಠ ಹೇಳಿದವರಿಗೆ ಪಾಠ ಹೇಳಿದವರು. ನಿವೃತ್ತರಾಗಿ ರಾಗಿಗುಡ್ಡದ ಕಡೆ ಒಂದು ಸಣ್ಣ ಮನೆ ಕಟ್ಟಿಕೊಂಡು, ಹಳೆಯ ಕಾವ್ಯಗಳಲ್ಲಿ ಬರುವ ಗಿಡ, ಮರ, ಹಕ್ಕಿಗಳ ಪದಕೋಶ ಮಾಡಲು ಕೂತಿದ್ದರು. ಆ ಕೆಲಸಕ್ಕೆ ನಾನು ಸಹಾಯಕಿ. ಕೆಲಸವೇನೋ ಚೆಂದ, ಆದರೆ ನಿಘಂಟುಗಳ ಸೋಮಾರಿತನ ನೋಡಿ ನನಗೆ ರೇಗುತ್ತಿತ್ತು. ಕವಿ ಒಂದು ಮರದ ಹೆಸರು ಹೇಳಿ, ಅದರ ನೆರಳು, ಹೂವು, ಅದಕ್ಕೆ ಬರುವ ದುಂಬಿ ಎಲ್ಲ ವರ್ಣಿಸಿರುತ್ತಾನೆ. ಅರ್ಥ ಏನೆಂದು ನಿಘಂಟು ತೆರೆದರೆ ‘ಒಂದು ಬಗೆಯ ಮರ’ ಎಂದಿರುತ್ತದೆ. ಹಕ್ಕಿ ಹುಡುಕಿದರೆ ‘ಒಂದು ಬಗೆಯ ಹಕ್ಕಿ’. ಇದನ್ನು ತಿಳಿಯಲು ನಿಘಂಟು ಯಾಕೆ ಬೇಕು ಎಂದು ನಾನು ಕೂಗಾಡಿದರೆ ಮೇಷ್ಟ್ರು ಕನ್ನಡಕ ಒರೆಸುತ್ತ, “ಕವಿ ಒಂದು ಬಗೆಯ ಮರದ ಕೆಳಗೆ ಕೂತಿರಲ್ಲ ಸರೋಜ, ಒಂದು ಮರದ ಕೆಳಗೆ ಕೂತಿರ್ತಾನೆ. ಅದನ್ನ ಹುಡುಕೋದೇ ನಮ್ಮ ಕೆಲಸ” ಎನ್ನುತ್ತಿದ್ದರು.

ಅವರ ಮರದ ಹೆಸರು ಮಿಳವೆ. ಹೊಳೆಯ ದಡದಲ್ಲಿ ತಪಸ್ಸು ಮಾಡಿದ ಒಬ್ಬ ಶಿವಭಕ್ತನ ಕಥೆ ಹೇಳುವ ಹಳೆಯ ಕಾವ್ಯವೊಂದರಲ್ಲಿ ಬಿಟ್ಟರೆ ಆ ಹೆಸರು ಮತ್ತೆಲ್ಲೂ ಬರುವುದಿಲ್ಲ. ಕವಿಯ ಹೆಸರಿಲ್ಲ, ಊರಿಲ್ಲ. ಮೇಷ್ಟ್ರು ಪ್ರಾಯದಲ್ಲಿ ಆ ಕಾವ್ಯವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದರು. ಮಿಳವೆಗೆ ಬಿಳಿ ಹೂ, ಅದು ಹಳೆಯ ಕೊಂಬೆಯ ಗಂಟುಗಳಲ್ಲಿ ಗೊಂಚಲಾಗಿ ಬಿಡುತ್ತದೆ, ಅದರ ಪರಿಮಳಕ್ಕೆ ಹೊಳೆ ದಾಟುವವರು ನಡುನೀರಿನಲ್ಲೇ ನಿಲ್ಲುತ್ತಾರೆ ಎಂದು ಕವಿ ಹೇಳುತ್ತಾನೆ. ಹಾಗಿದ್ದರೆ ಇದು ಸುರಹೊನ್ನೆಯೇ ಎಂದು ಮೇಷ್ಟ್ರು ತೀರ್ಮಾನಿಸಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಭದ್ರಾವತಿಯಲ್ಲಿ ಹೊಳೆಯ ಪಕ್ಕ ಮರದಯ್ಯ ಎಂಬ ಗುಡಿಯಿದೆ. ಗುಡಿ ಎಂದರೆ ಒಂದು ದೊಡ್ಡ ಮರ, ಅದರ ಬುಡದಲ್ಲೊಂದು ಗದ್ದುಗೆ, ಅಷ್ಟೇ. ಹಿಂದೆ ಒಬ್ಬ ಅಯ್ಯ ಅಲ್ಲಿ ತಪಸ್ಸಿಗೆ ಕೂತಿದ್ದ ಎಂದು ಜನ ಹೇಳುತ್ತಾರೆ. ಆ ಮರ ಸುರಹೊನ್ನೆ, ಕಾವ್ಯದ ಭಕ್ತ ಆ ಅಯ್ಯ, ಹಾಗಾಗಿ ಕವಿಯೂ ಈ ಸೀಮೆಯವನೇ ಎಂದು ಮೇಷ್ಟ್ರು ಬರೆದರು. ಆ ಕವಿ ಬಡಗಣ ಸೀಮೆಯವನು ಎಂದು ನಂಬಿದ್ದ ಪಂಡಿತರೊಬ್ಬರು ತುಂಬಿದ ಸಭೆಯಲ್ಲಿ, ಕೊಂಬೆ ಹಿಡಿದು ಕವಿಯನ್ನು ತಮ್ಮೂರಿಗೆ ಎಳೆದುಕೊಳ್ಳುವ ವಿದ್ವತ್ತನ್ನು ಇದೇ ಮೊದಲು ಕಂಡೆ ಎಂದು ನಗಾಡಿದರಂತೆ. ಆ ನಗು ಮೇಷ್ಟ್ರ ಕಿವಿಯಲ್ಲಿ ನಲವತ್ತು ವರ್ಷವಾದರೂ ಉಳಿದಿತ್ತು. ಈಗ ಆ ಕಾವ್ಯದ ಎರಡನೆಯ ಮುದ್ರಣ ಆಗುತ್ತಿತ್ತು. ಕರಡು ಬಂದಾಗಿತ್ತು.

ಅಷ್ಟರಲ್ಲಿ ನಾನು ವಾಸಂತಿಯನ್ನು ಮರದಯ್ಯನ ಗುಡಿಗೆ ಕರೆದುಕೊಂಡು ಹೋದೆ. ವಾಸಂತಿ ನಮ್ಮ ಕಾಲೇಜಿನಲ್ಲೇ ಸಸ್ಯಶಾಸ್ತ್ರ ಹೇಳುತ್ತಿದ್ದಳು. ನನ್ನ ಜೀವದ ಗೆಳತಿ. ಪುಸ್ತಕಕ್ಕೆ ಮರದ ಒಂದು ಫೋಟೋ ಇರಲಿ ಎಂದು ಮೇಷ್ಟ್ರು ಆಸೆಪಟ್ಟಿದ್ದರು, ಕ್ಯಾಮೆರಾ ಇದ್ದದ್ದು ಅವಳ ಹತ್ತಿರ. ಅವಳು ಕ್ಯಾಮೆರಾ ಮರೆತು ಒಂದು ಎಲೆ ಕಿತ್ತಳು, ತೊಟ್ಟು ಮುರಿದು ಹಳದಿ ಹಾಲು ಒಸರುವುದನ್ನು ನೋಡಿದಳು, ಎಲೆಯನ್ನು ಬಿಸಿಲಿಗೆ ಹಿಡಿದಳು. ಇದು ಸುರಹೊನ್ನೆ ಎಂದು ಹೇಳಿದ್ದು ಯಾರು ಎಂದು ಕೇಳಿದಳು. ಮೇಷ್ಟ್ರು ಎಂದೆ.

ಅವಳು ಹೇಳಿದ್ದು ಇಷ್ಟು. ಹೊನ್ನೆ, ಸುರಹೊನ್ನೆ, ಮುರುಗಲು ಎಲ್ಲ ಒಂದೇ ಮನೆತನದ ಮರಗಳು. ಇದು ಆ ಮನೆಯದು ಎನ್ನುವುದರಲ್ಲಿ ಸಂಶಯವಿಲ್ಲ, ಆದರೆ ಯಾವುದು ಎಂದು ಎಲೆ ನೋಡಿ ಹೇಳುವಂತಿಲ್ಲ. ವರ್ಷವರ್ಷವೂ ಚಿಗುರು ಮುರಿಸಿಕೊಂಡ ಮರದ ಎಲೆ ತನ್ನ ಅಳತೆಯನ್ನೇ ಮರೆತಿರುತ್ತದೆ, ಬೇಕಾಬಿಟ್ಟಿ ಬೆಳೆದಿರುತ್ತದೆ. ಹೂ ಬೇಕು.

ಹೂವನ್ನು ಯಾರೂ ನೋಡಿರಲಿಲ್ಲ. ಮೇಷ್ಟ್ರೂ ನೋಡಿರಲಿಲ್ಲ. ಬಿಳಿ ಹೂ ಬಿಡುತ್ತಿತ್ತಂತೆ ಎಂದು ಹಿಂದಿನ ಪೂಜಾರಿ ಹೇಳಿದ್ದನ್ನು ನಂಬಿಕೊಂಡಿದ್ದರು. ಯಾಕೆ ಯಾರೂ ನೋಡಿಲ್ಲ ಎಂದರೆ ಅಲ್ಲಿಯ ಪದ್ಧತಿ ಹಾಗಿತ್ತು. ಶಿವರಾತ್ರಿಯ ಮಾರನೆಯ ಬೆಳಗ್ಗೆ ಪೂಜಾರಿ ಒದ್ದೆ ಪಂಚೆಯಲ್ಲಿ ಮರ ಹತ್ತಿ ಅಷ್ಟೂ ಚಿಗುರನ್ನು ಮುರಿದು ಕೆಳಗೆ ಹಾಕುತ್ತಾನೆ. ಕಾರ್ಖಾನೆ ಕೆಲಸದವರು, ಶಿವಮೊಗ್ಗ ರಸ್ತೆಯ ಮಾಚೇನಹಳ್ಳಿಯ ವರ್ಕ್‌ಶಾಪುಗಳವರು ಸಾಲುಗಟ್ಟಿ ನಿಂತು ಒಂದೊಂದು ಕುಡಿ ಇಸಿದುಕೊಳ್ಳುತ್ತಾರೆ. ಅದನ್ನು ಒಯ್ದು ತಾವು ಕೆಲಸ ಮಾಡುವ ಮಷೀನಿಗೆ ಸಿಕ್ಕಿಸುತ್ತಾರೆ. ಅದು ಒಣಗಿ ಕಡ್ಡಿಯಾದರೂ ಮುಂದಿನ ಶಿವರಾತ್ರಿಯವರೆಗೆ ತೆಗೆಯುವುದಿಲ್ಲ, ಮಷೀನು ಕೈ ಕಚ್ಚದಿರಲಿ ಎಂದು. ಈ ಜಾತಿಯ ಮರಗಳಲ್ಲಿ ಹೋದ ವರ್ಷದ ಎಲೆ ಉದುರಿದ ಗಂಟಿನಲ್ಲಿ ಈ ವರ್ಷ ಮೊಗ್ಗು ಬರುತ್ತದೆ. ಚಿಗುರೇ ಉಳಿಯದಿದ್ದರೆ ಗಂಟೆಲ್ಲಿ, ಮೊಗ್ಗೆಲ್ಲಿ ಎಂದಳು ವಾಸಂತಿ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಮಾರನೆಯ ದಿನವೇ ನನ್ನನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿ ಪೂಜಾರಿ ಚೌಡಪ್ಪನ ಮುಂದೆ ಹೋಗಿ ಕೂತರು. ಚೌಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು, ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅಪ್ಪನ ಪೂಜೆಯನ್ನು ಹಿಡಿದಿದ್ದ. ಶಿವರಾತ್ರಿ ಆಗ ಹತ್ತಿರದಲ್ಲೇ ಇತ್ತು. ಒಂದೇ ಒಂದು ಕೊಂಬೆಯ ಚಿಗುರನ್ನು ಈ ಸಲ ಬಿಡಬೇಕು, ಬರುವ ವರ್ಷ ಹೂ ನೋಡಿದ ಮೇಲೆ ಏನಾದರೂ ಮಾಡಿಕೊಳ್ಳಿ ಎಂದು ಮೇಷ್ಟ್ರು ಕೇಳಿದರು. ಇವನು ನಮ್ಮನ್ನು ಓಡಿಸುತ್ತಾನೆ ಎಂದು ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಂಡೆ. ಚೌಡಪ್ಪ ತಲೆಯೆತ್ತಿ ಮರ ನೋಡಿದ.

“ನಮ್ಮಪ್ಪನೂ ನೋಡಿಲ್ಲ, ಅವರಪ್ಪನೂ ನೋಡಿಲ್ಲ” ಎಂದ. “ನಂಗೂ ಒಂದ್ಸಲ ನೋಡ್ಬೇಕು ಅನ್ಸುತ್ತೆ ಸಾರ್.”

ಆ ಶಿವರಾತ್ರಿಯಂದು ಹೊಳೆ ಕಡೆಯ ಕೊಂಬೆಗೆ ಅವನು ಕೆಂಪು ದಾರ ಕಟ್ಟಿ, ಇದು ಈ ಸಲ ಅಯ್ಯನಿಗೇ ಬಿಟ್ಟಿದ್ದು ಎಂದು ಸಾರಿದ. ಜನ ಗೊಣಗಿದರೂ ಉಳಿದ ಕೊಂಬೆಗಳ ಚಿಗುರು ಎಲ್ಲರಿಗೂ ಸಾಕಾಯಿತು. ಮೇಷ್ಟ್ರು ಪ್ರಕಾಶಕರಿಗೆ ಮುದ್ರಣ ನಿಲ್ಲಿಸಿ ಎಂದು ಹೇಳಿದರು. ಯಾಕೆ ಎಂದು ಪ್ರಕಾಶಕರು ಅವರನ್ನು ಕೇಳುವ ಧೈರ್ಯ ಮಾಡಲಿಲ್ಲ, ನನ್ನನ್ನು ಕೇಳಿದರು. ಹೂವಿಗೆ ಕಾಯ್ತಿದೀವಿ ಎಂದರೆ, ನಾನೇನು ಪುಸ್ತಕ ಮಾರೋನೋ ಹೂ ಮಾರೋನೋ ಎಂದು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಬೈದರು. ಆಮೇಲೆ ವರ್ಷಪೂರ್ತಿ ನನ್ನನ್ನು ಕಂಡಾಗಲೆಲ್ಲ ಹೂ ಬಂತೇನಮ್ಮ ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು.

ಆ ಬೇಸಿಗೆ ಸುಟ್ಟು ತೆಗೆಯಿತು. ಕೊಂಬೆಯಲ್ಲಿ ಒಂದು ವರ್ಷ ಏನೂ ಕಾಣದು ಎಂದು ವಾಸಂತಿ ಹೇಳಿದ್ದರೂ ನಾನು ಕೇಳಬೇಕಲ್ಲ. ಕ್ಲಾಸು ಮುಗಿದರೆ ಭದ್ರಾವತಿ ಬಸ್ಸು. ಡ್ರೈವರ್ ಹಿಂದಿನ ಸೀಟು, ಕಾದ ಇಂಜಿನ್ನಿನ ಪಕ್ಕ, ಕಾರ್ಖಾನೆ ಹತ್ತಿರವಾಗುತ್ತಲೇ ಮೂಗಿಗೆ ಸೆರಗು. ಹಕ್ಕಿ ನೋಡುವವರೊಬ್ಬರಿಂದ ದುರ್ಬೀನು ಎರವಲು ತಂದು ಕೊಂಬೆಯನ್ನು ನೋಡುತ್ತಿದ್ದೆ. ಚಿಗುರು ಕೆಂಪಿನಿಂದ ಹಸಿರಾಯಿತು, ಹಸಿರು ಗಟ್ಟಿಯಾಯಿತು. ಗುಡಿಗೆ ಬಂದ ಹೆಂಗಸರು ನಾನು ಮಕ್ಕಳಿಗಾಗಿ ಹರಕೆ ಹೊತ್ತವಳೆಂದು ತಿಳಿದು ನನ್ನ ಕೈಗೆ ಅರಿಶಿನ ಕುಂಕುಮ ಕೊಡುತ್ತಿದ್ದರು. ಮದುವೆಯೇ ಆಗಿಲ್ಲ ಎಂದರೆ ಇನ್ನೂ ಹೆಚ್ಚು ಕೊಟ್ಟರು.

ಮಳೆಗಾಲದಲ್ಲಿ ಹೊಳೆ ಗದ್ದುಗೆಯ ಕಟ್ಟೆಯವರೆಗೆ ಬಂದು ಹೋಯಿತು. ಗಾಳಿಗೆ ಕೊಂಬೆ ಮುರಿದೀತೆಂದು ನನಗೆ ಜೀವ ಹೋಗಿ ಜೀವ ಬರುತ್ತಿತ್ತು. ನನ್ನ ಚಡಪಡಿಕೆ ನೋಡಿ ನಗುತ್ತಿದ್ದ ಮೇಷ್ಟ್ರಿಗೂ ಒಳಗೊಳಗೇ ಅದೇ ಕಾಯಿಲೆ ಹತ್ತಿತು. ಮನೆಗೆ ಹೋದರೆ ಬಾಗಿಲಲ್ಲೇ, ಏನಂತೆ ಕೊಂಬೆ ಎಂದು ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವ ಹಾಗೆ ಕೇಳುತ್ತಿದ್ದರು. ಕಾವ್ಯವನ್ನು ಮೊದಲಿನಿಂದ ಮತ್ತೆ ಓದಲು ಹಿಡಿದರು. ಈಗ ಪ್ರತಿ ಪದದ ಮೇಲೂ ಅವರಿಗೆ ಅನುಮಾನ. ಕವಿ ಹೇಳಿದ ಹೊಳೆ ಭದ್ರೆಯೇ ಯಾಕಾಗಬೇಕು, ಅವನು ವರ್ಣಿಸಿದ ಮೀನು ಇಲ್ಲಿಯದೇನಾ, ಆ ಹೆಂಗಸು ಮುಡಿದ ಹೂವು ಆ ಋತುವಿನಲ್ಲಿ ಅರಳುತ್ತದೆಯೇ. ಮೀನು ಮಾರುಕಟ್ಟೆಗೆ ಹೋಗಿ ವಿಚಾರಿಸಿಕೊಂಡು ಬಂದರು, ಮಡಿವಂತ ಮನುಷ್ಯ. ಪ್ರಾಯದಲ್ಲಿ ಇಷ್ಟು ಅನುಮಾನ ಪಟ್ಟಿದ್ದರೆ ಒಳ್ಳೆಯ ಪುಸ್ತಕ ಬರೆಯುತ್ತಿದ್ದೆ ಎಂದು ಒಂದು ದಿನ ಹೇಳಿದರು. ಅದನ್ನು ಕೇಳಿ ನನಗೆ ಸಂಕಟವಾಯಿತು. ವಾಸಂತಿಯನ್ನು ಅಲ್ಲಿಗೆ ಯಾಕಾದರೂ ಕರೆದುಕೊಂಡು ಹೋದೆನೋ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಕಾರ್ತಿಕದಲ್ಲಿ ಆ ಸುದ್ದಿ ಬಂತು. ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇಥ್ ನಡೆಸುತ್ತಿದ್ದ ಮುರುಗೇಶ ಎಂಬವನ ಬಲಗೈ ಮಷೀನಿಗೆ ಸಿಕ್ಕಿ ಎರಡು ಬೆರಳು ಹೋದವು. ಅವನ ಮನೆ ಮರದಯ್ಯನ ಗುಡಿಯ ಹಿಂದಿನ ಕೇರಿಯಲ್ಲೇ. ಅಜ್ಜನ ಕಾಲಕ್ಕೆ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕುಟುಂಬ. ಅವನು ಶಿವರಾತ್ರಿಯಲ್ಲಿ ಚಿಗುರು ಇಸಿದುಕೊಂಡು ಮಷೀನಿಗೆ ಸಿಕ್ಕಿಸಿಯೂ ಇದ್ದ. ಹಾಗಿದ್ದ ಮೇಲೂ ಹೀಗೇಕಾಯಿತು ಎಂದರೆ ಉತ್ತರ ಎಲ್ಲರ ಕಣ್ಣೆದುರಿಗೇ ಕೆಂಪು ದಾರ ಕಟ್ಟಿಕೊಂಡು ನಿಂತಿತ್ತು. ಅಯ್ಯನ ಪ್ರಸಾದವನ್ನು ಕೊಂಬೆಯಲ್ಲೇ ಬಿಟ್ಟರೆ ಇನ್ನೇನಾಗುತ್ತದೆ. ಮೊದಲು ಆ ಮಾತು ಎತ್ತಿದ್ದು ಮುರುಗೇಶನ ಹೆಂಡತಿ ಸೆಲ್ವಿ ಎಂದು ಚೌಡಪ್ಪ ಹೇಳಿದ. ಅವತ್ತು ಅವನು ನನ್ನ ಮುಖ ನೋಡಿ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಗುಡಿಯಲ್ಲಿ ನನಗೆ ಕುಂಕುಮ ಕೊಡುವವರು ಇರಲಿಲ್ಲ. ದುರ್ಬೀನು ಹೊರಗೆ ತೆಗೆಯಲು ಹೆದರಿಕೆ. ಪುಷ್ಯ ಕಳೆಯುವ ಹೊತ್ತಿಗೆ ಕೊಂಬೆಯ ಹಳೆಯ ಗಂಟುಗಳಲ್ಲಿ ಸಾಸಿವೆಯಷ್ಟು ಹಸಿರು ಕಾಣಿಸಿತು. ಆಮೇಲೆ ಮೆಣಸಿನಷ್ಟು. ವಾಸಂತಿಗೆ ಖುಷಿಯೋ ಖುಷಿ. ಅರಳಲು ಇನ್ನೂ ಕೆಲವು ವಾರ ಬೇಕು ಎಂದಳು. ಶಿವರಾತ್ರಿ ಅಷ್ಟು ದಿನ ಕಾಯುವಂತಿರಲಿಲ್ಲ.

ಜಾಗರಣೆಯ ಮಾರನೆಯ ಬೆಳಗ್ಗೆ ನಾವು ಮೂವರೂ ಅಲ್ಲಿದ್ದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದಿದ್ದರು. ಅಷ್ಟು ಜನ ಅಲ್ಲಿ ಸೇರಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಮೊಗ್ಗುಗಳು ಕಡಲೆಕಾಳಿನಷ್ಟಾಗಿದ್ದವು, ಕೆಳಗಿನಿಂದ ಬರಿಗಣ್ಣಿಗೂ ಕಾಣುತ್ತಿದ್ದವು. ಚೌಡಪ್ಪ ಮರ ಹತ್ತಿ ಎಲ್ಲ ಕಡೆಯ ಚಿಗುರು ಮುರಿದು, ಹೊಳೆ ಕಡೆಯ ಕೊಂಬೆಯ ಹತ್ತಿರ ಬಂದು ನಿಂತ. ಕೆಳಗೆ ಯಾರೂ ಸಾಲು ಕಟ್ಟಲಿಲ್ಲ. ಅದನ್ನೂ ಮುರಿಯಲಿ, ಆಮೇಲೆ ಇಸಿದುಕೊಳ್ಳುತ್ತೇವೆ ಎಂದು ಹಿಂದಿನಿಂದ ಯಾರೋ ಹೇಳಿದರು. ಮೇಷ್ಟ್ರಿಗೆ ಮಾತು ಕೊಟ್ಟಿದ್ದೀನಿ ಎಂದ ಚೌಡಪ್ಪ ಮೇಲಿನಿಂದ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

ಸೆಲ್ವಿ ಮುಂದೆ ಬಂದಳು. ಸಣ್ಣ ಆಳು, ತಲೆ ತುಂಬ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಅವಳ ಹಿಂದೆ ಮುರುಗೇಶ ಬಲಗೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ನಿಂತಿದ್ದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಕೇಳಿದಳು.

“ಹೂವು ಬಂದ್ರೆ ನಿಮ್ಗೆ ಏನ್ ಸಿಗುತ್ತೆ ಸಾರ್?”

“ನಲವತ್ತು ವರ್ಷದ ಹಿಂದೆ ಒಂದು ಮಾತು ಬರೆದಿದ್ದೆ” ಎಂದರು ಮೇಷ್ಟ್ರು. “ಅದು ಸರಿಯೋ ತಪ್ಪೋ ಗೊತ್ತಾಗುತ್ತೆ.”

“ತಪ್ಪಾದ್ರೆ?”

“ತಪ್ಪು ಅಂತ ಬರೀತೀನಿ.”

“ಅಷ್ಟಕ್ಕಾ ಸಾರ್?”

“ಅಷ್ಟಕ್ಕೇ ಕಣಮ್ಮ.”

ಅಷ್ಟಕ್ಕೇ ಎಂಬ ಆ ಮಾತು ಅಷ್ಟು ಜನರ ನಡುವೆ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಮೇಷ್ಟ್ರ ಪರವಾಗಿ ಏನಾದರೂ ದೊಡ್ಡದು ಹೇಳಬೇಕೆಂದು ನನ್ನ ನಾಲಿಗೆ ತುರಿಸಿತು. ಸಾಹಿತ್ಯ ಚರಿತ್ರೆ, ಕವಿಯ ಕಾಲದೇಶ, ಊರಿಗೆ ಬರುವ ಹೆಸರು, ಎಲ್ಲ ತುಟಿಯವರೆಗೆ ಬಂತು. ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ಅವರು ಮುರುಗೇಶನ ಟವೆಲನ್ನು ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ, “ಮುರಿ ಚೌಡಪ್ಪ. ಮೊದಲನೇದು ಈಯಮ್ಮನ ಕೈಗೆ ಕೊಡು” ಎಂದರು.

ಹೋದ ವರ್ಷ ಬಿಟ್ಟಿದ್ದನ್ನೂ ಉಳಿಸದೆ ಚೌಡಪ್ಪ ಮುರಿದ. ಒಂದು ವರ್ಷ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದ ಕೊಂಬೆ ಟಕಟಕ ಎಂದು ಮುರಿದು ಕೆಳಗೆ ಬಿತ್ತು. ಸಾಲು ಕಟ್ಟಿದ ಜನ ಒಂದೊಂದೇ ಕುಡಿ ಇಸಿದುಕೊಂಡು ಹೋದರು. ಕೊನೆಗೆ ಮೇಷ್ಟ್ರ ಕೈಗೂ ಒಂದು ತುಂಡು ಬಂತು. ಅವರು ಅದನ್ನು ಕಣ್ಣಿಗೊತ್ತಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಕೊಂಬೆಗೂ ಬೆರಳಿಗೂ ಏನು ಸಂಬಂಧ, ನೀವು ವಿದ್ವಾಂಸರಾಗಿ ಅಷ್ಟಾದರೂ ಹೇಳಬೇಡವೇ ಎಂದು ಮೇಷ್ಟ್ರ ಮೇಲೆ ರೇಗಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. “ಸಂಬಂಧ ಇಲ್ಲ ಅಂತ ನಂಗೊತ್ತು ಮಾರಾಯ್ತಿ. ಆದ್ರೆ ಇಲ್ಲ ಅಂತ ಆ ಕೈ ಮುಂದೆ ನಿಂತು ಹೇಳೋ ಯೋಗ್ಯತೆ ನನ್ನ ಹೂವಿಗೆ ಇರ್ಲಿಲ್ಲ” ಎಂದರು. ನನ್ನ ಸಿಟ್ಟು ಇಳಿಯಲಿಲ್ಲ.

ವಾಸಂತಿ ಹಿಂದಿನ ಸೀಟಿನಿಂದ ಬಾಗಿ, ಸಾರ್ ಸ್ವಲ್ಪ ಕೈ ಬಿಚ್ಚಿ ಎಂದಳು. ಅವರ ಅಂಗೈಯಲ್ಲಿದ್ದ ತುಂಡು ಬರೀ ಚಿಗುರಲ್ಲ. ಅದರ ಬುಡದಲ್ಲಿ ಹಳೆಯ ಗಂಟಿತ್ತು, ಗಂಟಿನಲ್ಲಿ ಮೊಗ್ಗಿದ್ದವು. ಚೌಡಪ್ಪ ಬೇಕೆಂದೇ ಅಷ್ಟುದ್ದ ಮುರಿದು ಕೊಟ್ಟಿದ್ದನೋ ಏನೋ, ನಾವು ಯಾವತ್ತೂ ಕೇಳಲಿಲ್ಲ. ಅರಳದಿದ್ದರೂ ಇಷ್ಟು ಬಲಿತ ಮೊಗ್ಗು ಸಾಕು, ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗಿರುವುದೆಲ್ಲ ಕಾಣುತ್ತದೆ ಎಂದಳು. ಸೀಳುವುದು ಎಂದರೆ ಪ್ರಸಾದವನ್ನು ಸೀಳುವುದು. ಮೇಷ್ಟ್ರು ಮಡಿವಂತರು ಎಂದೆನಲ್ಲ. ಬಸ್ಸು ತುಂಗೆಯ ಸೇತುವೆ ದಾಟುವವರೆಗೂ ಅಂಗೈ ಬಿಚ್ಚಿಕೊಂಡೇ ಕೂತಿದ್ದರು. ಕೊಡುವ ಮೊದಲು ಒಂದು ಚಿಗುರೆಲೆ ಕಿತ್ತು ಕಿವಿಯ ಮೇಲೆ ಇಟ್ಟುಕೊಂಡರು, ಉಳಿದದ್ದನ್ನು ಅವಳ ಕರವಸ್ತ್ರಕ್ಕೆ ಹಾಕಿದರು.

ಮಾರನೆಯ ದಿನ ಕಾಲೇಜಿನ ಲ್ಯಾಬಿಗೆ ಅವರೇ ಬಂದರು. ವಾಸಂತಿ ಮೊದಲೇ ಹೇಳಿಟ್ಟಳು. ಸುರಹೊನ್ನೆಯಾದರೆ ಮೊಗ್ಗು ಟೊಪ್ಪಿ ಹಾಕಿಕೊಂಡಂತೆ ಪೂರ್ತಿ ಮುಚ್ಚಿರುತ್ತದೆ, ಒಳಗೆ ನಾಲ್ಕು ಎಸಳು, ಕೇಸರಗಳೆಲ್ಲ ಬಿಡಿಬಿಡಿ. ಬ್ಲೇಡಿನಲ್ಲಿ ಮೊಗ್ಗು ಸೀಳಿ, ಭೂತಗನ್ನಡಿಯನ್ನು ಸರಿಮಾಡಿ, ತಾನು ನೋಡಿ, ಎದ್ದು ಮೇಷ್ಟ್ರಿಗೆ ಜಾಗ ಬಿಟ್ಟಳು. ಅವರು ಕನ್ನಡಕ ತೆಗೆದು ಒಂದು ಕಣ್ಣು ಮುಚ್ಚಿ ಬಗ್ಗಿದರು. ಐದು ಎಸಳು ಎಂದರು. ಆಮೇಲೆ, ಕೇಸರ ಬಿಡಿ ಇಲ್ಲ, ಕಟ್ಟುಕಟ್ಟಾಗಿದೆ, ಐದು ಕಟ್ಟು ಎಂದರು. ಬಗ್ಗಿಯೇ ಇದ್ದರು. ಅವರ ಬೆನ್ನು ನೋಡುತ್ತ ನಿಂತಿದ್ದ ನನಗೆ ಆ ಬೆನ್ನು ಯಾವಾಗ ನೆಟ್ಟಗಾಗುತ್ತದೋ ಎಂದು ಭಯವಾಗುತ್ತಿತ್ತು.

ಅದು ಜಾರಿಗೆ ಮರ. ಘಟ್ಟದ ಕಡೆ ಅದರ ಕಾಯಿಯನ್ನು ಒಣಗಿಸಿ ಸಾರಿಗೆ ಹುಳಿಯಾಗಿ ಹಾಕುತ್ತಾರೆ. ಹೊಳೆ ದಾಟುವವರನ್ನು ನಿಲ್ಲಿಸುವ ಪರಿಮಳವೆಲ್ಲ ಆ ಹೂವಿಗಿಲ್ಲ ಎಂದಳು ವಾಸಂತಿ, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ನಲವತ್ತು ವರ್ಷ ನನ್ನ ಕವಿಯನ್ನು ಹುಳಿ ಮರದ ಕೆಳಗೆ ಕೂರಿಸಿದ್ದೆನಲ್ಲ ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಮನೆಗೆ ಹೋಗಿ ಕರಡು ತರಿಸಿಕೊಂಡು, ಮರದ ಮೇಲೆ ಬರೆದದ್ದನ್ನೂ ಕವಿಯ ಊರಿನ ಮೇಲೆ ಬರೆದದ್ದನ್ನೂ ಹೊಡೆದು ಹಾಕಿದರು. ಪೀಠಿಕೆಯಲ್ಲಿ ತಮ್ಮ ತಪ್ಪನ್ನು ವಿವರವಾಗಿ ಬರೆದು, ನಗಾಡಿದ ಆ ಪಂಡಿತರು ತೀರಿಕೊಂಡಿದ್ದರೂ ಅವರ ಅನುಮಾನ ಸರಿಯಾಗಿತ್ತು ಎಂದು ಹೆಸರು ಹಿಡಿದು ಸೇರಿಸಿದರು. ನಾನು ಅದನ್ನು ನಕಲು ಮಾಡುವಾಗ ಅವರು ಹಿತ್ತಲಿನಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದರು. ಅಷ್ಟು ವಯಸ್ಸಾದಂತೆ ಅವರು ಹಿಂದೆಂದೂ ಕಂಡಿರಲಿಲ್ಲ.

ವಾರ ಕಳೆದ ಮೇಲೆ ಒಂದು ದಿನ, ಆಯಮ್ಮನಿಗೆ ಹೇಳಬೇಕು ಎಂದರು. ಯಾರಿಗೆ ಎಂದೆ. ಸೆಲ್ವಿಗೆ, ಅವಳು ಕೇಳಿದ್ದಳಲ್ಲ ಎಂದರು. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದೆವು. ಮೊದಲು ಚೌಡಪ್ಪನಿಗೆ ವಿಷಯ ಹೇಳಿದಾಗ ಅವನಿಗೆ ಬೇಸರವೇನೂ ಆಗಲಿಲ್ಲ, ಅಯ್ಯ ನೆರಳಿಗೆ ಕೂತಿದ್ದು ಸಾರ್, ಹುಳಿಯಾದ್ರೂ ನೆರಳು ನೆರಳೇ ಅಲ್ವಾ ಎಂದು ನಮಗೇ ಸಮಾಧಾನ ಹೇಳಿದ. ಸೆಲ್ವಿಯ ಮನೆ ತೋರಿಸಲು ಅವನೇ ಬಂದ.

ಸೆಲ್ವಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುರುಗೇಶ ಕೆಲಸಕ್ಕೆ ಹೋಗಿದ್ದ, ಮಾಚೇನಹಳ್ಳಿಯ ಅದೇ ವರ್ಕ್‌ಶಾಪಿಗೆ. ಈಗ ಮಷೀನು ಮುಟ್ಟುವಂತಿಲ್ಲ, ಗುಡಿಸುವುದು, ಸಾಮಾನು ಎತ್ತಿಡುವುದು. ಮೇಷ್ಟ್ರು ಕೂರದೆ ನಿಂತುಕೊಂಡೇ, ನೀನು ಕೇಳಿದ್ದೆಯಲ್ಲಮ್ಮ, ನಾನು ಬರೆದಿದ್ದು ತಪ್ಪಾಗಿತ್ತು, ಹಾಗೇ ಬರೆದು ಕಳಿಸಿದೆ ಎಂದರು. ಅವಳು ಮೊರ ಕೆಳಗಿಟ್ಟು ಅವರನ್ನೇ ನೋಡಿದಳು. ಇಷ್ಟು ಹೇಳಲು ಈ ಬಿಸಿಲಲ್ಲಿ ಬಂದಿರಾ ಎಂದಳು. ಹೌದು ಎಂದರು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ನಾನು ಹೇಳಿದ್ದೂ ಸರಿ ಇಲ್ಲ ಸಾರ್” ಎಂದಳು. “ಕೊಂಬೆಯಿಂದ ಆಗಿದ್ದಲ್ಲ ಅಂತ ನಂಗೆ ಅವತ್ತೇ ಗೊತ್ತು. ಮಷೀನ್‌ಗೆ ಮುಚ್ಚಳ ಇರ್ಲಿಲ್ಲ. ಬಿಚ್ಚಿ ಇಟ್ಟಿದ್ರು, ಕೆಲಸ ಬೇಗ ಆಗ್ಲಿ ಅಂತ. ಅದನ್ನ ಹೇಳಿದ್ರೆ ಇವ್ರ ಕೆಲಸ ಹೋಗುತ್ತೆ. ಕೊಂಬೆ ಮೇಲೆ ಹೇಳಿದ್ರೆ ಯಾರ ಕೆಲಸಾನೂ ಹೋಗಲ್ಲ.” ಮೊರ ಎತ್ತಿಕೊಳ್ಳುತ್ತ ಮತ್ತೆ ಹೇಳಿದಳು, “ಈಗ್ಲೂ ಇಲ್ಲ ಮುಚ್ಚಳ. ಇನ್ನೊಬ್ಬಳ ಗಂಡ ನಿಂತಿದಾನೆ ಅದ್ರ ಮುಂದೆ.”

ಬರುವಾಗ ಬಸ್ಸಿನಲ್ಲಿ ಮಾಚೇನಹಳ್ಳಿ ಎಂದು ಕಂಡಕ್ಟರ್ ಕೂಗಿದಾಗ ಮೇಷ್ಟ್ರು ಸೀಟು ಹಿಡಿದುಕೊಂಡು ಎದ್ದರು. ನಮ್ಮದಿನ್ನೂ ದೂರ ಸಾರ್ ಎಂದೆ. ಗೊತ್ತು ಎಂದರು. ಅಲ್ಲಿ ಹೋಗಿ ನಾವು ಏನಾದರೂ ಹೇಳಿದರೆ ಸೆಲ್ವಿ ಹೇಳಿದ್ದು ಎಂದು ಗೊತ್ತಾಗಿ ಮುರುಗೇಶನಿಗೆ ತೊಂದರೆ ಎಂದು ಅವರ ತೋಳು ಹಿಡಿದೆ.

“ನಾನೇನೂ ಹೇಳಲ್ಲ” ಎಂದರು. “ಕೇಳ್ತೀನಿ ಅಷ್ಟೆ.”

ವರ್ಕ್‌ಶಾಪಿನಲ್ಲಿ ಕುರ್ಚಿ ಇರಲಿಲ್ಲ, ಒಂದು ಖಾಲಿ ಡ್ರಮ್ಮಿನ ಮೇಲೆ ಕೂತರು. ಪದಗಳನ್ನು ಕೂಡಿಡುವ ಮುದುಕ, ಮಷೀನಿನ ಭಾಗಗಳಿಗೆ ನೀವೆಲ್ಲ ಏನೇನು ಹೆಸರು ಹೇಳುತ್ತೀರೆಂದು ತಿಳಿಯಲು ಬಂದೆ ಎಂದು ಮಾಲೀಕರಿಗೆ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜುಬ್ಬಾ ನೋಡಿ ಮಾಲೀಕರು ಟೀ ತರಿಸಿದರು. ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಮುರುಗೇಶ ನಮ್ಮನ್ನು ನೋಡದವನಂತೆ ಆ ಕಡೆ ತಿರುಗಿದ. ಲೇಥಿನ ಮುಂದೆ ಮೀಸೆ ಬಿಟ್ಟ ಒಬ್ಬಾತ ನಿಂತಿದ್ದ, ಹಣೆಯಲ್ಲಿ ವಿಭೂತಿ. ಮೇಷ್ಟ್ರು ಒಂದೊಂದಾಗಿ ಬೆರಳು ಮಾಡಿ ಕೇಳಿದರು, ಅವನು ಒಂದೊಂದಾಗಿ ಹೆಸರು ಹೇಳಿದ, ಹೆಮ್ಮೆಯಿಂದಲೇ. ನಾನು ಬರೆದುಕೊಳ್ಳುತ್ತಿದ್ದೆ. ಕೊನೆಗೆ ಮೇಷ್ಟ್ರು ಗರಗರ ತಿರುಗುತ್ತಿದ್ದ ಭಾಗವನ್ನು ತೋರಿಸಿ, ಇದರ ಮೇಲೆ ಒಂದು ಮುಚ್ಚಳ ಇರುತ್ತದಂತಲ್ಲ, ಅದಕ್ಕೆ ಏನಂತಾರೆ ಎಂದು ಕೇಳಿದರು.

ಆತ ಮಾಲೀಕರ ಮುಖ ನೋಡಿದ. ಆಮೇಲೆ ಮಷೀನು ಆಫ್ ಮಾಡಿದ. ಗಾರ್ಡ್ ಅಂತಾರೆ ಸಾರ್ ಎಂದ.

“ಹೌದಾ” ಎಂದರು ಮೇಷ್ಟ್ರು, ಎದ್ದು ಹತ್ತಿರ ಹೋಗಿ ಬಗ್ಗುತ್ತ. “ಎಲ್ಲಿದೆ ಅದು?”